ತೋಟದ ಕೆಸರು ದಾರಿಗೆ ಥಾರ್‌ನಲ್ಲಿ ಫಿಕ್ಸ್ ಮಾಡೋ ಏರ್ ಕಂಪ್ರೆಸರ್, ಯಾವ್ದು ತಗೊಳ್ಳೋದು?

ಮಾದಾಪುರ_ಥಾರ್

ಎಲ್ರಿಗೂ ನಮಸ್ಕಾರ. ನಮ್ಮ ತೋಟ ಮಾದಾಪುರದಿಂದ ಕೋಟೆಬೆಟ್ಟದ ಕಡೆಗೆ, ಟಾರ್ ರೋಡ್ ಬಿಟ್ಮೇಲೆ ನಾಲ್ಕೈದು ಕಿಲೋಮೀಟರ್ ಮಣ್ಣಿನ ದಾರಿ, ಕೊನೆಗೆ ಒಂದು ಕಡಿದಾದ ಏರು ಇದೆ, ಒಂದು ಕಡೆ ಬರೆ (ಕಡಿದ ಮಣ್ಣಿನ ಗೋಡೆ) ಇನ್ನೊಂದು ಕಡೆ ಕೆಳಗಡೆ ಕಾಫಿ ಗಿಡ. ಬೇಸಿಗೇಲಿ ಏನೂ ತೊಂದ್ರೆ ಇಲ್ಲ, ಜೂನ್‌ನಲ್ಲಿ ಮಳೆ ಹಿಡಿದ್ರೆ ಮಾತ್ರ ಆ ಕೆಂಪು ಜೇಡಿ ಮಣ್ಣು ಸೋಪಿನ ಥರ ಆಗತ್ತೆ. ಗಾಡಿ ಮಹೀಂದ್ರಾದ ಹೊಸ ಥಾರ್ ಡೀಸೆಲ್, ಕಂಪನಿ ಟೈರೇ ಇರೋದು 255/65 ಆರ್18. 18 ಪಿಎಸ್‌ಐಗೆ (ಗಾಳಿ ಒತ್ತಡದ ಅಳತೆ) ಗಾಳಿ ಇಳಿಸಿದ್ರೆ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ನಿಧಾನದ ಗೇರ್) ಹಾಕ್ಕೊಂಡು ಆರಾಮಾಗಿ ಹತ್ತತ್ತೆ, ಇಳಿಸ್ದೇ ಹೋದ್ರೆ ಬಾಲ ಬರೆ ಕಡೆಗೆ ಎಳೆಯತ್ತೆ.

ಸಮಸ್ಯೆ ವಾಪಸ್ ಬರೋವಾಗ. ಟಾರ್ ಸಿಕ್ಮೇಲೆ ಮಡಿಕೇರಿಗೋ ಸೋಮವಾರಪೇಟೆಗೋ ಹೋಗ್ಬೇಕು, ಹತ್ರದಲ್ಲಿ ಬಂಕ್ ಇಲ್ಲ, ಅಷ್ಟು ಕಮ್ಮಿ ಗಾಳೀಲಿ ಮಳೇಲಿ ತಿರುವು ರಸ್ತೆ ಓಡ್ಸೋಕೆ ನಂಗೆ ಧೈರ್ಯ ಇಲ್ಲ. ಈಗ ಇರೋದು ಲೈಟರ್ ಸಾಕೆಟ್‌ಗೆ ಚುಚ್ಚೋ ಚಿಕ್ಕ ಪಂಪು, ಮೂರನೇ ಟೈರ್ ಬರೋವಷ್ಟರಲ್ಲಿ ಮುಟ್ಟೋಕಾಗಲ್ಲ ಅಷ್ಟು ಬಿಸಿ, ವಾಸನೆ ಬೇರೆ ಬರತ್ತೆ, ಅದನ್ನ ನಿಲ್ಸಿ ಕಾಯ್ಕೊಂಡು ನಿಂತ್ರೆ ಕಾಲಿಗೆ ಜಿಗಣೆ ಹತ್ತತ್ತೆ. ಅದಕ್ಕೆ ಗಾಡೀಲೇ ಪರ್ಮನೆಂಟಾಗಿ ಒಂದು ಕಂಪ್ರೆಸರ್ ಕೂರ್ಸೋಣ ಅಂತ.

ಅಂಗಡೀಲಿ ಕೇಳಿದ್ರೆ ಎಲ್ಲಾದ್ರ ಮೇಲೂ 150 ಪಿಎಸ್‌ಐ ಅಂತಾನೇ ಬರೆದಿದೆ, ರೇಟ್ ನೋಡಿದ್ರೆ ಒಂದಕ್ಕೂ ಇನ್ನೊಂದಕ್ಕೂ ಹತ್ತು ಪಟ್ಟು ವ್ಯತ್ಯಾಸ. ಸಿಂಗಲ್ ಮೋಟರ್ ಸಾಕಾ, ಎರಡು ಮೋಟರ್‌ನ ಟ್ವಿನ್ ಬೇಕಾ, ಗಾಳಿ ತುಂಬಿಡೋ ಟ್ಯಾಂಕ್ ಬೇಕಾ, ಎಲ್ಲಿ ಕೂರ್ಸೋದು? ಮಳೆಗಾಲದಲ್ಲಿ ದಿನಾ ಬಳಸೋರು ಯಾರಾದ್ರೂ ಇದ್ರೆ ಹೇಳಿ. ಡ್ರೈವರ್ರೂ ಓಡಿಸ್ತಾನೆ, ಅಪ್ಪನೂ ಓಡಿಸ್ತಾರೆ, ಎಲ್ರಿಗೂ ಬಳಸೋಕೆ ಸುಲಭ ಇರ್ಬೇಕು.

ವಿರಾಜಪೇಟೆ_ಫೋರ್‌ಬೈಫೋರ್

ಅಣ್ಣಾ, ಮೊದಲು ಆ 150 ಪಿಎಸ್‌ಐ ಅನ್ನೋದನ್ನ ತಲೆಯಿಂದ ತೆಗೀರಿ. ನಿಮ್ಗೆ ಟೈರ್‌ಗೆ ಬೇಕಾಗಿರೋದು 32ರೊಳಗೆ, ಯಾವ ಡಬ್ಬಾ ಪಂಪೂ ಅಷ್ಟು ಕೊಡತ್ತೆ. ನೋಡ್ಬೇಕಾಗಿರೋದು ಎರಡೇ, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ತಳ್ಳತ್ತೆ ಮತ್ತೆ ಎಷ್ಟೊತ್ತು ನಿಲ್ಸದೆ ಓಡತ್ತೆ. ಈ ಎರಡನೇದನ್ನ ಡ್ಯೂಟಿ ಸೈಕಲ್ ಅಂತಾರೆ, ಬಾಕ್ಸ್ ಮೇಲೆ ಚಿಕ್ಕ ಅಕ್ಷರದಲ್ಲಿ ಇರತ್ತೆ, ಕಮ್ಮಿ ಬೆಲೆಯವ್ರು ಹಾಕೋದೇ ಇಲ್ಲ.

ಲೆಕ್ಕ ಹಾಕಿ ತೋರಿಸ್ತೀನಿ. ನಿಮ್ಮ ಟೈರ್ ಒಳಗಡೆ ಜಾಗ ಅಂದಾಜು 70 ಲೀಟರ್. ವಾತಾವರಣದ ಒತ್ತಡ 14.7 ಪಿಎಸ್‌ಐ, ಅಂದ್ರೆ 18ರಿಂದ 32ಕ್ಕೆ 14 ಪಿಎಸ್‌ಐ ಏರಿಸ್ಬೇಕು ಅಂದ್ರೆ ಹೆಚ್ಚೂಕಮ್ಮಿ ಇನ್ನೊಂದು ಟೈರ್ ತುಂಬೋವಷ್ಟು ಹೊರಗಿನ ಗಾಳಿ ಒಳಗೆ ತುರುಕ್ಬೇಕು. ಒಂದು ಟೈರ್‌ಗೆ 65-70 ಲೀಟರ್, ನಾಲ್ಕಕ್ಕೆ ಸುಮಾರು 270. ನಿಮ್ಮ ಸಾಕೆಟ್ ಪಂಪ್ 35 ಲೀಟರ್ ಅಂತ ಬರ್ಕೊಂಡಿರತ್ತೆ ಅನ್ಕೊಳ್ಳಿ, ಅದು ಪೈಪ್ ತುದೀಲಿ ಏನೂ ಇಲ್ದೆ ಸುಮ್ನೆ ಗಾಳಿ ಬಿಟ್ಟಾಗ. ಟೈರ್ ಒಳಗಿಂದ 25-30 ಪಿಎಸ್‌ಐ ಎದುರು ಒತ್ತುವಾಗ ಅಷ್ಟು ಬರಲ್ಲ. ಹಾಗಾಗಿ ಪೇಪರ್ ಮೇಲೆ 8 ನಿಮಿಷ ಆಗೋದು ನಿಜವಾಗ್ಲೂ ಹದಿನೈದರ ಹತ್ರ ಹೋಗತ್ತೆ, ಅಷ್ಟೊತ್ತು ಆ ಪುಟ್ಟ ಮೋಟರ್ ತಡೆಯಲ್ಲ, ನೀವು ಹೇಳಿದ ಬಿಸಿ, ವಾಸನೆ ಎಲ್ಲಾ ಅದೇ.

ಎಆರ್‌ಬಿ ಅನ್ನೋ ಕಂಪನಿಯ ಸಿಂಗಲ್ ಮೋಟರ್‌ದು ಸುಮಾರು 75 ಲೀಟರ್, ಟೈರ್ ಪ್ರೆಶರ್‌ನಲ್ಲೂ 60 ದಾಟತ್ತೆ. ಒಂದು ಟೈರ್‌ಗೆ ಒಂದೂಕಾಲು ನಿಮಿಷ ಅಂತಿಟ್ಕೊಳ್ಳಿ, ಪೈಪ್ ಬದಲಾಯ್ಸೋದು ಎಲ್ಲಾ ಸೇರಿ ನಾಲ್ಕೂ ಏಳೆಂಟು ನಿಮಿಷದೊಳಗೆ ಮುಗೀತು. ಅದ್ರ ಡ್ಯೂಟಿ ಸೈಕಲ್ 50 ಪರ್ಸೆಂಟ್, ಅಂದ್ರೆ ಓಡಿದಷ್ಟೇ ಹೊತ್ತು ಆರೋಕೆ ಬಿಡ್ಬೇಕು. ಅದೇ ಕಂಪನಿ ಟ್ವಿನ್ 170 ಲೀಟರ್ ಮೇಲೆ, ಡ್ಯೂಟಿ 100 ಪರ್ಸೆಂಟ್, ಒಂದು ಟೈರ್ ಅರ್ಧ ನಿಮಿಷ. ಆದ್ರೆ ಟ್ವಿನ್ 70 ಆಂಪ್ಸ್ ಹತ್ರ ಎಳೆಯತ್ತೆ. ದೊಡ್ಡ 35 ಇಂಚು ಟೈರ್ ಹಾಕಿರೋರು, ಇಲ್ಲಾ ಒಟ್ಟಿಗೆ ನಾಲ್ಕೈದು ಗಾಡಿ ಹೋಗಿ ಎಲ್ರಿಗೂ ಒಬ್ರೇ ಗಾಳಿ ಹಾಕೋರು, ಅವ್ರಿಗೆ ಟ್ವಿನ್. ನಿಮ್ಮೊಂದು ಗಾಡಿ, ಕಂಪನಿ ಸೈಜ್ ಟೈರ್, ಸಿಂಗಲ್ ಧಾರಾಳ ಸಾಕು.

ಗೋಣಿಕೊಪ್ಪ_ಕಾಫಿ

ಫಿಕ್ಸೆಡ್ ಯಾಕೆ ಬೇಕು ಅಂತ ಇನ್ನೊಂದ್ಸಲ ಯೋಚ್ನೆ ಮಾಡಿ ಬ್ರೋ. ಬ್ಯಾಟರಿಗೆ ಕ್ಲಿಪ್ ಹಾಕೋ ಪೋರ್ಟಬಲ್ ಇದೆ, ವೈಏರ್ 400ಪಿ ಥರದ್ದು, 30 ಆಂಪ್ಸ್ ತಗೊಳತ್ತೆ, ಗಾಳಿ ಆ ಸಿಂಗಲ್‌ಗಿಂತ ಏನೂ ದೊಡ್ಡ ಕಮ್ಮಿ ಇಲ್ಲ. ಬ್ಯಾಗ್‌ನಲ್ಲಿಟ್ಕೊಂಡು ಹೋದ್ರೆ ಪಿಕಪ್‌ಗೂ ಆಗತ್ತೆ, ತೋಟದ ಟ್ರ್ಯಾಕ್ಟರ್ ಟ್ರಾಲಿಗೂ ಆಗತ್ತೆ, ಪಕ್ಕದ ತೋಟದವ್ರು ಕೇಳಿದ್ರೂ ಕೊಡ್ಬೋದು. ಗಾಡಿ ಮಾರಿದ್ರೆ ಪಂಪ್ ನಮ್ಮ ಹತ್ರಾನೇ ಉಳಿಯತ್ತೆ. ವಾರಂಟಿ ಇರೋ ಹೊಸ ಗಾಡೀಲಿ ವೈರಿಂಗ್‌ಗೆ ಕೈ ಹಾಕೋದು ನಂಗಂತೂ ಇಷ್ಟ ಇಲ್ಲ.

ಮಾದಾಪುರ_ಥಾರ್

ಲೆಕ್ಕ ನೋಡಿ ಕಣ್ಣು ಬಿಡ್ತು ಅಣ್ಣ, ಥ್ಯಾಂಕ್ಸ್, ಇಷ್ಟು ದಿನ ನಾನು ಪಿಎಸ್‌ಐನೇ ನೋಡ್ತಿದ್ದೆ.

ಗೋಣಿಕೊಪ್ಪ ಬ್ರೋ, ಪೋರ್ಟಬಲ್ ಒಳ್ಳೇದೇ, ಆದ್ರೆ ನಮ್ಕಡೆ ಜುಲೈನಲ್ಲಿ ಸುರಿಯೋ ಮಳೇಲಿ ಬಾನೆಟ್ ಎತ್ಕೊಂಡು ಕ್ಲಿಪ್ ಹಾಕ್ಬೇಕು, ಪಂಪ್‌ನ ಕೆಸರಲ್ಲಿ ಇಡ್ಬೇಕು, ಆಮೇಲೆ ಬಿಸಿ ಪೈಪ್ ಸುತ್ತಿ ಒದ್ದೆ ಬ್ಯಾಗ್‌ಗೆ ಹಾಕ್ಬೇಕು. ವಾರಕ್ಕೆ ಒಂದ್ಸಲ ಆದ್ರೆ ಮಾಡ್ಬೋದು, ಕೊಯ್ಲಿಗೆ ಮುಂಚೆ ಕಳೆ, ಗೊಬ್ಬರ, ಬೋರ್ಡೋ ಸ್ಪ್ರೇ ಅಂತ ದಿನಾ ಹೋಗೋ ಸೀಸನ್‌ನಲ್ಲಿ ಅಪ್ಪ ಖಂಡಿತ ಮಾಡಲ್ಲ, ಗಾಳಿ ಇಳಿಸ್ದೇನೇ ಹತ್ತಿಸ್ತಾರೆ. ನಂಗೆ ಅದೇ ಭಯ. ಸ್ವಿಚ್ ಒತ್ತಿ ಪೈಪ್ ಚುಚ್ಚೋ ಹಾಗಿದ್ರೆ ಮಾತ್ರ ಎಲ್ರೂ ಬಳಸ್ತಾರೆ.

ಹಾಗಾಗಿ ಫಿಕ್ಸೆಡ್ ಅಂತ ಹೆಚ್ಚೂಕಮ್ಮಿ ಡಿಸೈಡ್. ವೈರಿಂಗ್ ಬಗ್ಗೆ ಯಾರಾದ್ರೂ ಹೇಳಿ. ಇಲ್ಲೊಬ್ರು ಎಲೆಕ್ಟ್ರಿಷಿಯನ್ ಹಾರ್ನ್ ವೈರಿಂದಾನೇ ಕನೆಕ್ಷನ್ ಕೊಡ್ತೀನಿ ಅಂದ್ರು, ಸರಿ ಅನ್ನಿಸ್ಲಿಲ್ಲ.

ಕುಶಾಲನಗರ_ಆಟೋ_ಎಲೆಕ್ಟ್ರಿಕಲ್

ಸರ್ ದಯವಿಟ್ಟು ಹಾರ್ನ್ ವೈರಿಂದ ಕೊಡಿಸ್ಬೇಡಿ. ನಾನು ಇದೇ ಕೆಲ್ಸ ಮಾಡೋನು, ಅಂಗಡಿಗೆ ಬರೋ ಗಾಡಿಗಳಲ್ಲಿ ಕಂಪ್ರೆಸರ್ ಸುಟ್ಟೋಯ್ತು ಅಂತ ಬಂದಿರೋದ್ರಲ್ಲಿ ಮೋಟರ್ ತಪ್ಪಿರೋದು ಕಮ್ಮಿ, ವೈರ್ ತಪ್ಪಿರೋದೇ ಜಾಸ್ತಿ.

ಸಿಂಗಲ್ ಮೋಟರ್ ಅಂದ್ರೆ 30 ಆಂಪ್ಸ್ ಆಸುಪಾಸು. 4 ಸ್ಕ್ವೇರ್ ಎಂಎಂ ವೈರ್ ತಡೆಯತ್ತೆ ಅಂತ ತುಂಬಾ ಜನ ಅದನ್ನೇ ಹಾಕ್ತಾರೆ, ಸುಡಲ್ಲ ನಿಜ, ಆದ್ರೆ ಬ್ಯಾಟರಿಯಿಂದ ಹಿಂದುಗಡೆ ಡಿಕ್ಕಿವರೆಗೆ 5 ಮೀಟರ್ ಹೋಗಿ 5 ಮೀಟರ್ ವಾಪಸ್ ಬರೋವಷ್ಟರಲ್ಲಿ 1.3 ವೋಲ್ಟ್ ವೈರಲ್ಲೇ ಬಿದ್ದೋಗತ್ತೆ. ಮೋಟರ್‌ಗೆ ವೋಲ್ಟೇಜ್ ಕಮ್ಮಿ ಆದ್ರೆ ನಿಧಾನ ತಿರುಗತ್ತೆ, ಗಾಳಿ ಕಮ್ಮಿ, ಬಿಸಿ ಜಾಸ್ತಿ, ಟೈರ್ ತುಂಬೋಕೆ ಟೈಮ್ ಜಾಸ್ತಿ, ಅದ್ರಿಂದ ಇನ್ನೂ ಬಿಸಿ. ಅದೇ 10 ಸ್ಕ್ವೇರ್ ಎಂಎಂ ಹಾಕಿದ್ರೆ ಅರ್ಧ ವೋಲ್ಟ್ ಬೀಳತ್ತೆ ಅಷ್ಟೇ. ಕಂಪ್ರೆಸರ್ ಬಾನೆಟ್ ಒಳಗೇ ಬ್ಯಾಟರಿ ಪಕ್ಕ ಕೂತ್ರೆ ಒಂದೆರಡು ಮೀಟರ್‌ನಲ್ಲಿ ಮುಗಿಯತ್ತೆ, ಆಗ 6 ಸ್ಕ್ವೇರ್ ಆದ್ರೂ ನಡೆಯತ್ತೆ. ಕಂಪನಿ ವೈರ್ ಸೆಟ್ ಜೊತೆ ಬಂದ್ರೆ ಅದನ್ನೇ ಹಾಕಿ, ಉದ್ದ ಸಾಲ್ಲಿಲ್ಲ ಅಂತ ನಡುವೆ ತೆಳ್ಳನೆ ವೈರ್ ತಿರುಚಿ ಜಾಯಿಂಟ್ ಮಾಡಿ ಟೇಪ್ ಸುತ್ಬೇಡಿ. ಅರ್ತ್ ಕೂಡ ಪೇಂಟ್ ಮೇಲೆ ಬಾಡಿಗೆ ಎಲ್ಲೋ ಒಂದು ಸ್ಕ್ರೂ ಹೊಡೆಯೋದಲ್ಲ. ನಮ್ಮ ಕೊಡಗಿನ ತೇವಕ್ಕೆ ಎರಡು ಮಳೆಗಾಲದಲ್ಲಿ ಅದು ಹಸಿರಾಗತ್ತೆ, ಬಿಚ್ಚಿ ನೋಡಿದ್ರೆ ಲಗ್ (ವೈರ್ ತುದಿಗೆ ಹಾಕೋ ಲೋಹದ ಬಳೆ) ಒಳಗೆ ತಾಮ್ರದ ಎಳೆ ಪುಡಿಪುಡಿಯಾಗಿ ಉದುರತ್ತೆ. ನೆಗೆಟಿವ್ ವೈರ್‌ನ ಬ್ಯಾಟರಿ ಕಡೆಗೇ ವಾಪಸ್ ತನ್ನಿ. ಲಗ್ ಕ್ರಿಂಪ್ ಮಾಡಿ ಮೇಲೆ ಒಳಗಡೆ ಗಮ್ ಇರೋ ಹೀಟ್ ಶ್ರಿಂಕ್ ಹಾಕ್ಸಿ.

ಫ್ಯೂಸ್ ಬ್ಯಾಟರಿ ಹತ್ರಾನೇ ಇರ್ಬೇಕು, ಒಂದು ಗೇಣು ದೂರದೊಳಗೆ. ಕೆಲವ್ರು ಕಂಪ್ರೆಸರ್ ಹತ್ರ ಫ್ಯೂಸ್ ಇಡ್ತಾರೆ, ಮಧ್ಯದಲ್ಲಿ ವೈರ್ ಉಜ್ಜಿ ಬಾಡಿಗೆ ತಾಗಿದ್ರೆ ಆ ಫ್ಯೂಸ್ ಇದ್ರೂ ಒಂದೇ ಇಲ್ದಿದ್ರೂ ಒಂದೇ, ಬ್ಯಾಟರಿ ಪೂರ್ತಿ ಕರೆಂಟ್ ಆ ವೈರ್‌ಗೆ ಬರತ್ತೆ, ಬೆಂಕಿ ಹತ್ತೋದು ಹಾಗೇನೇ. ಕಂಪ್ರೆಸರ್ 30 ಎಳೆಯೋದಾದ್ರೆ 40ರ ಫ್ಯೂಸ್, ಅದಕ್ಕಿಂತ ದೊಡ್ಡದು ಬೇಡ. ಡ್ಯಾಶ್ ಮೇಲಿನ ಸ್ವಿಚ್‌ಗೆ ಮೇನ್ ಕರೆಂಟ್ ತರ್ಬೇಡಿ, ಸ್ವಿಚ್‌ನಿಂದ ರಿಲೇ (ಚಿಕ್ಕ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಡಬ್ಬಿ), ರಿಲೇಯಿಂದ ಮೋಟರ್. ರಿಲೇಗೆ ಟ್ರಿಗರ್ ಇಗ್ನಿಷನ್ ಆನ್ ಆದ್ರೆ ಮಾತ್ರ ಬರೋ ಲೈನಿಂದ ತಗೊಳ್ಳಿ, ಆಗ ಡ್ರೈವರ್ ಸ್ವಿಚ್ ಆಫ್ ಮಾಡೋಕೆ ಮರೆತು ಕೀ ತೆಗೆದ್ರೂ ರಾತ್ರಿಯೆಲ್ಲಾ ಬ್ಯಾಟರಿ ತಿನ್ನಲ್ಲ.

ಇನ್ನೊಂದು ಮಾತು, ಗಾಳಿ ಹಾಕೋವಾಗ ಇಂಜಿನ್ ಸ್ಟಾರ್ಟಲ್ಲೇ ಇರ್ಲಿ. ಆಫ್ ಇದ್ರೆ ಬ್ಯಾಟರಿ 12ರ ಹತ್ರ, ಸ್ಟಾರ್ಟಲ್ಲಿದ್ರೆ 14ರ ಹತ್ರ, ಪಂಪ್ ಸೌಂಡಲ್ಲೇ ವ್ಯತ್ಯಾಸ ಗೊತ್ತಾಗತ್ತೆ. ಮುಚ್ಚಿದ ಶೆಡ್ ಒಳಗೆ ಮಾತ್ರ ಹಾಗೆ ಮಾಡ್ಬೇಡಿ, ಹೊಗೆ ತುಂಬ್ಕೊಳತ್ತೆ.

ವಾರಂಟಿ ಬಗ್ಗೆ ಗೋಣಿಕೊಪ್ಪದವ್ರು ಹೇಳಿದ್ದು ಸುಳ್ಳಲ್ಲ. ಕಂಪನಿ ವೈರಿಂಗ್ ಒಂದೂ ಕಟ್ ಮಾಡದೆ ನೇರ ಬ್ಯಾಟರಿಯಿಂದ ಬೇರೆ ಲೈನ್ ತಂದ್ರೆ ಮುಂದೆ ಬಿಚ್ಚೋಕೂ ಸುಲಭ. ಇನ್ಶೂರೆನ್ಸ್ ರಿನ್ಯೂ ಮಾಡೋವಾಗ ಎಕ್ಸ್‌ಟ್ರಾ ಎಲೆಕ್ಟ್ರಿಕಲ್ ಫಿಟ್ಟಿಂಗ್ ಅಂತ ಹೇಳಿ ಸೇರಿಸ್ಕೊಳ್ಳಿ, ಅದಕ್ಕೆ ಐಎಂಟಿ 24 ಅಂತ ಬೇರೇನೇ ಕವರ್ ಇದೆ.

ಸಂಪಾಜೆ_ಘಾಟಿ

ವೈರಿಂಗ್ ವಿಷಯ ಮೇಲಿನವ್ರು ಪೂರ್ತಿ ಹೇಳಿದ್ದಾರೆ. ನಾನು ಎಲ್ಲಿ ಕೂರ್ಸುದು ಅಂತ ಹೇಳ್ತೇನೆ, ಯಾಕಂದ್ರೆ ನಮ್ಮಲ್ಲಿ ಮಳೆ ಅಂದ್ರೆ ಸಾಧಾರಣ ಮಳೆ ಅಲ್ಲ ಮಾರಾಯ್ರೆ.

ಬಾನೆಟ್ ಒಳಗೆ ಕೂರ್ಸಿದ್ರೆ ವೈರ್ ಗಿಡ್ಡ, ಗಾಡಿ ಒಳಗೆ ಸೌಂಡ್ ಕಮ್ಮಿ, ಜಾಗ ಉಳಿತದೆ. ಆದ್ರೆ ಡೀಸೆಲ್ ಇಂಜಿನ್ ಪಕ್ಕ ಮೊದಲೇ ಬಿಸಿ ಉಂಟು, ಫೋರ್ ಲೋದಲ್ಲಿ ಏರು ಹತ್ತಿ ಬಂದ ಕೂಡ್ಲೇ ಕಂಪ್ರೆಸರ್ ಆನ್ ಮಾಡಿದ್ರೆ ಅದು ಬಿಸಿ ಗಾಳಿಯನ್ನೇ ಎಳೀತದೆ. ಹೊಸ ಥಾರ್‌ಗೆ ಕಂಪನಿಯವ್ರು ಹೇಳುವ ನೀರಿನ ಆಳ 650 ಮಿಲಿಮೀಟರ್. ಕಂಪ್ರೆಸರ್ ಆ ಮಟ್ಟಕ್ಕಿಂತ ಮೇಲೆ ಇರ್ಬೇಕು, ಇಲ್ಲಾಂದ್ರೆ ಕನಿಷ್ಠ ಅದ್ರ ಗಾಳಿ ಎಳೆಯುವ ಫಿಲ್ಟರನ್ನಾದ್ರೂ ಬೇರೆ ಪೈಪ್ ಹಾಕಿ ಮೇಲೆ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ತಗಡು) ಹತ್ರ ತರ್ಬೇಕು. ತೋಡು (ಚಿಕ್ಕ ಹಳ್ಳ) ದಾಟುವಾಗ ಬಿಸಿ ಕಂಪ್ರೆಸರ್ ಮೇಲೆ ತಣ್ಣೀರು ಬಿದ್ರೆ ಒಳಗಿನ ಗಾಳಿ ಕುಗ್ಗಿ ಫಿಲ್ಟರ್ ಮುಖಾಂತರ ನೀರನ್ನು ಎಳ್ಕೊಳ್ತದೆ. ಮೋಟರ್ ಸೀಲ್ ಆಗಿದೆ ಅಂತ ಬರ್ದಿದ್ರೂ ಫಿಲ್ಟರ್ ಬಾಯಿ ತೆರೆದೇ ಇರ್ತದಲ್ಲ.

ನನ್ನದು ಗಾಡಿ ಒಳಗೆ ಹಿಂದುಗಡೆ ಚಕ್ರದ ಮೇಲಿನ ಉಬ್ಬಿನ ಹತ್ರ ಕೂತಿದೆ. ಸೌಂಡ್ ಉಂಟು, ಆದ್ರೆ ಒಣಗಿದ ಜಾಗ, ಫಿಲ್ಟರ್ ಕಣ್ಣೆದುರಿಗೆ, ಹಿಂದಿನ ಬಾಗಿಲು ತೆಗೆದು ಅಲ್ಲೇ ಪೈಪ್ ಚುಚ್ಚಬಹುದು. ಸೀಟ್ ಅಡಿಯಲ್ಲಿ ಇಡುವವ್ರೂ ಇದ್ದಾರೆ, ಅಲ್ಲಿ ಕಂಪನಿ ವೈರಿಂಗ್ ಉಂಟು, ನೋಡಿ ಮಾಡಿ.

ಕಂಪ್ರೆಸರ್ ತಲೆಯಿಂದ ಹೊರಡುವ ಮೊದಲ ಪೈಪ್ ಮಾತ್ರ ಸ್ಟೀಲ್ ಜಾಲರಿ ಇರುವ ಟೆಫ್ಲಾನ್ ಪೈಪೇ ಆಗ್ಬೇಕು. ಅಂಗಡಿಯಲ್ಲಿ ಸಿಗುವ ನೀಲಿ ಪಿಯು (ಪಾಲಿಯುರಿಥೇನ್ ಪ್ಲಾಸ್ಟಿಕ್) ಪೈಪ್ ನೇರ ಅದಕ್ಕೆ ಹಾಕಿದ್ರೆ ಬಿಸಿಗೆ ಮೆತ್ತಗಾಗಿ ಕನೆಕ್ಟರಿಂದ ಹಾರಿ ಹೋಗ್ತದೆ. ಒಂದು ಮೀಟರ್ ದೂರ ಆದ ಮೇಲೆ ಪಿಯು ತೊಂದ್ರೆ ಇಲ್ಲ.

ಟ್ಯಾಂಕ್ ಬೇಕಾ ಅಂತ ಕೇಳಿದ್ರಿ. ಟೈರ್‌ಗೋಸ್ಕರ ಆದ್ರೆ ಬೇಡವೇ ಬೇಡ. 4 ಲೀಟರ್ ಟ್ಯಾಂಕ್ 150 ಪಿಎಸ್‌ಐ ತುಂಬಿದ್ರೂ 35ಕ್ಕೆ ಇಳಿಯುವಷ್ಟರಲ್ಲಿ ಹೊರಗೆ ಬರುವ ಗಾಳಿ 30 ಲೀಟರ್ ಚಿಲ್ರೆ, ನಿಮ್ಮ ಒಂದು ಟೈರಿನ ಅರ್ಧ ಕೆಲಸಕ್ಕೂ ಸಾಲುದಿಲ್ಲ. ಏರ್ ಲಾಕರ್ (ಎಡ ಬಲ ಚಕ್ರ ಒಟ್ಟಿಗೇ ತಿರುಗುವ ಹಾಗೆ ಗಾಳಿಯಿಂದ ಲಾಕ್ ಮಾಡುವ ಸಾಧನ) ಹಾಕಿದ್ರೆ, ಇಲ್ಲಾ ರಿಮ್ ಬಿಟ್ಟ ಟೈರನ್ನು ಒಮ್ಮೆಲೇ ಜೋರು ಗಾಳಿ ಕೊಟ್ಟು ಕೂರ್ಸುದಾದ್ರೆ ಟ್ಯಾಂಕ್ ಉಪಯೋಗ. ನಮ್ಮ ಗಾಳಿಯಲ್ಲಿ ಮಳೆಗಾಲ ಪೂರ್ತಿ ನೀರೇ ಇರುದು, ಒತ್ತಿದಾಗ ಅದು ಟ್ಯಾಂಕ್ ತಳದಲ್ಲಿ ನಿಲ್ತದೆ, ತಳದ ನಲ್ಲಿ ತಿರುಗಿಸಿ ಅದನ್ನು ಹೊರಗೆ ಬಿಡದಿದ್ರೆ ಒಳಗಿಂದ ತುಕ್ಕು. ಮತ್ತೆ ಸೇಫ್ಟಿ ವಾಲ್ವ್, ಕಂಪ್ರೆಸರ್‌ಗೂ ಟ್ಯಾಂಕಿಗೂ ಮಧ್ಯೆ ಗಾಳಿ ವಾಪಸ್ ಬಾರದ ಹಾಗೆ ತಡೆಯುವ ಚೆಕ್ ವಾಲ್ವ್, ಪ್ರೆಶರ್ ಸ್ವಿಚ್, ಇಷ್ಟೆಲ್ಲಾ ಬೇಕು. ಲೀಕ್ ಆಗುವ ಜಾಗ ಒಂದೊಂದಾಗಿ ಹೆಚ್ಚಾಗ್ತದೆ.

ನಾಪೋಕ್ಲು_ಎಂಎಂ540

ಹಳೇ ಜೀಪ್ ಇರೋರಿಗೆ ಉಪಯೋಗ ಆಗ್ಲಿ ಅಂತ ಹೇಳ್ತೀನಿ. ನಮ್ಮ ಎಂಎಂ540ಗೆ ಎಸಿ ಇಲ್ಲ, ಇಂಜಿನ್ ಪಕ್ಕ ಬೇಕಾದಷ್ಟು ಜಾಗ. ಅಲ್ಲಿ ಗುಜರಿಯಿಂದ ತಂದ ಕಾರ್ ಎಸಿ ಕಂಪ್ರೆಸರ್ ಕೂರಿಸಿ ಬೆಲ್ಟ್ ಹಾಕಿದ್ದೀವಿ, ಗ್ಯಾಸ್ ಬದ್ಲು ಹೊರಗಿನ ಗಾಳಿ ಎಳ್ಕೊಂಡು ತಳ್ಳತ್ತೆ. ಇಂಜಿನ್ ರೇಸ್ ಕೊಟ್ಟಷ್ಟೂ ಗಾಳಿ, ಬ್ಯಾಟರಿ ಚಿಂತೆ ಇಲ್ಲ, ಡ್ಯೂಟಿ ಸೈಕಲ್ ಚಿಂತೆ ಇಲ್ಲ. ಒಂದೇ ತಲೆನೋವು ಆಯಿಲ್. ಎಸಿಯಲ್ಲಿದ್ದಾಗ ಗ್ಯಾಸ್ ಜೊತೆ ಆಯಿಲ್ ಸುತ್ತಿ ಬರತ್ತೆ, ಬರೀ ಗಾಳಿ ಬಂದ್ರೆ ಒಳಗೆ ಒಣಗಿ ಜಾಮ್ ಆಗತ್ತೆ. ಗಾಳಿ ಎಳೆಯೋ ಕಡೆ ಆಯಿಲ್ ಹನಿಸೋ ವ್ಯವಸ್ಥೆ, ಹೊರಗೆ ಹೋಗೋ ಕಡೆ ಆಯಿಲ್ ಬೇರ್ಪಡಿಸೋ ಫಿಲ್ಟರ್, ಎರಡೂ ಬೇಕು, ಇಲ್ಲಾಂದ್ರೆ ಆಯಿಲ್ ಟೈರ್ ಒಳಗೆ ಹೋಗಿ ರಬ್ಬರ್ ಹಾಳು ಮಾಡತ್ತೆ.

ಹೊಸ ಥಾರ್‌ಗೆ ಇದನ್ನ ನಾನು ಹೇಳಲ್ಲ. ಬೆಲ್ಟ್ ಲೈನ್, ಎಸಿ ಎಲ್ಲಾ ಕೆಡಿಸ್ಕೋಬೇಕಾಗತ್ತೆ, ನಿಮ್ಗೆ ಎಲೆಕ್ಟ್ರಿಕ್ಕೇ ಸರಿ.

ಸುಂಟಿಕೊಪ್ಪ_ರೈಡರ್

ಟ್ಯಾಂಕ್ ಹಾಕ್ಸಿದ್ರೆ ಅದಕ್ಕೇ ಲಾರಿ ಥರ ಏರ್ ಹಾರ್ನ್ ಕೂಡ ಹಾಕ್ಬೋದಲ್ವಾ? ನಮ್ಕಡೆ ಸಂಜೆ ಆದ್ರೆ ರೋಡಲ್ಲಿ ಆನೆ ನಿಂತಿರತ್ತೆ, ಓಡ್ಸೋಕೆ ಆಗತ್ತೆ ಅಂತ.

ಸಿದ್ದಾಪುರ_ತೋಟ

ಬೇಡ ತಮ್ಮ, ಖಂಡಿತ ಬೇಡ. ಆನೆ ಮುಂದೆ ಹಾರ್ನ್ ಹೊಡೆದ್ರೆ ಅದು ಓಡಿ ಹೋಗತ್ತೆ ಅಂತ ಯಾರು ಹೇಳಿದ್ರು? ಮರಿ ಜೊತೆ ಇರೋ ಹೆಣ್ಣಾನೆ ಆಗ್ಲಿ, ಮದ ಬಂದಿರೋ ಸಲಗ ಆಗ್ಲಿ, ಸದ್ದಿಗೆ ನೇರ ಗಾಡಿ ಮೇಲೇ ಬರತ್ತೆ. ನಮ್ಮ ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟದಲ್ಲಿ ಕೆಲ್ಸ ಮಾಡೋ ಜನ ದಿನಾ ಬೆಳಿಗ್ಗೆ ಇದೇ ಭಯದಲ್ಲಿ ಓಡಾಡೋದು, ಒಬ್ರು ರೊಚ್ಚಿಗೆಬ್ಬಿಸಿ ಹೋದ ಆನೆ ಮುಂದೆ ನಡ್ಕೊಂಡು ಬರೋರ ಮೇಲೆ ತೀರಿಸ್ಕೊಳತ್ತೆ. ದೂರದಲ್ಲೇ ನಿಲ್ಸಿ, ಹೈ ಬೀಮ್ ಕಮ್ಮಿ ಮಾಡಿ, ಇಂಜಿನ್ ರೇಸ್ ಮಾಡದೆ ಹಿಂದೆ ಹೋಗೋಕೆ ದಾರಿ ಇಟ್ಕೊಂಡು ಕಾಯಿರಿ, ಅದ್ರ ಪಾಡಿಗೆ ಅದು ದಾಟತ್ತೆ.

ಕಾನೂನು ಪ್ರಕಾರವೂ ಆ ರಾಗ ರಾಗವಾಗಿ ಕೂಗೋ ಹಾರ್ನ್ ಹಾಕೋ ಹಾಗಿಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 119ನೇ ನಿಯಮ ನೋಡಿ. ಟೈರಿಗೆ ಗಾಳಿ ಹಾಕೋ ಪಂಪ್ ಬೇರೆ ವಿಷಯ, ಅದ್ರಿಂದ ಆರ್‌ಸಿಯಲ್ಲಿರೋ ವಿವರ ಯಾವ್ದೂ ಬದಲಾಗಲ್ಲ.

ಮಾದಾಪುರ_ಥಾರ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಹೇಳ್ತೀರ ಅಂತ ಅನ್ಕೊಂಡಿರ್ಲಿಲ್ಲ. ಸಿಂಗಲ್ ಮೋಟರ್, ಟ್ಯಾಂಕ್ ಇಲ್ಲ, ಸಂಪಾಜೆಯವ್ರು ಹೇಳಿದ ಹಾಗೆ ಗಾಡಿ ಒಳಗೆ ಹಿಂದುಗಡೆ, 10 ಸ್ಕ್ವೇರ್ ವೈರ್ ಬ್ಯಾಟರಿಯಿಂದ ನೇರ. ಮುಂದಿನ ವಾರ ಕುಶಾಲನಗರಕ್ಕೇ ತರ್ತೀನಿ ಗಾಡಿನ.

ಇನ್ನೆರಡು ಡೌಟ್. ಒಂದು, ದಿನಾ ಇಳಿಸೋದು ಏರಿಸೋದು ಬದ್ಲು 24-25ರಲ್ಲೇ ಎಲ್ಲಾ ಕಡೆ ಓಡ್ಸಿದ್ರೆ ಆಗಲ್ವಾ ಅಂತ ಅಪ್ಪ ಕೇಳ್ತಿದ್ದಾರೆ. ಎರಡು, 18ಕ್ಕಿಂತ ಕೆಳಗೆ ಹೋಗ್ಬೋದಾ? ಆ ಏರಲ್ಲಿ ಒಂದು ಜಾಗ ಪಕ್ಕಕ್ಕೆ ವಾಲಿದೆ.

ವಿರಾಜಪೇಟೆ_ಫೋರ್‌ಬೈಫೋರ್

ಅಪ್ಪನಿಗೆ ಹೇಳಿ, 25 ಅನ್ನೋದು ಎರಡು ಕಡೆಗೂ ಸಲ್ಲದ ಪ್ರೆಶರ್. ಜೇಡಿ ಮಣ್ಣಲ್ಲಿ ಟೈರ್ ಉದ್ದಕ್ಕೆ ಚಪ್ಪಟೆಯಾಗಿ ನೆಲ ಹಿಡಿಯೋಕೆ ಅದು ಜಾಸ್ತಿ. ಟಾರ್ ಮೇಲೆ ಲೋಡ್ ಹಾಕ್ಕೊಂಡು ಸ್ಪೀಡಲ್ಲಿ ಹೋದ್ರೆ ಕಮ್ಮಿ, ಟೈರಿನ ಪಕ್ಕದ ಗೋಡೆ ಒಂದೇ ಸಮ ಮಡಚಿ ಬಿಚ್ಚಿ ಒಳಗಿಂದ ಬಿಸಿಯಾಗತ್ತೆ, ಆ ಹಾನಿ ಹೊರಗೆ ಕಾಣಲ್ಲ. ಮಾದಾಪುರದಿಂದ ಮಡಿಕೇರಿವರೆಗೆ ತಿರುವಿನ ಮೇಲೆ ತಿರುವು, ಒದ್ದೆ ರಸ್ತೆ, ಅಲ್ಲಿ ಸ್ಟೀರಿಂಗ್ ಹಿಂದೆ ಟೈರ್ ತಡವಾಗಿ ಬರೋದು ಗೊತ್ತಾಗತ್ತೆ. ಟಾರ್‌ಗೆ ಬಾಗಿಲ ಹತ್ರ ಸ್ಟಿಕ್ಕರಲ್ಲಿ ಕಂಪನಿಯವ್ರು ಏನು ಹಾಕಿದ್ದಾರೋ ಅದೇ.

18ಕ್ಕಿಂತ ಕೆಳಗೆ ಹೋಗೋದಾದ್ರೆ 15ವರೆಗೆ, ಅದೂ ಸಿಕ್ಕಿ ಹಾಕ್ಕೊಂಡಾಗ, ನಡೆಯೋ ಸ್ಪೀಡಲ್ಲಿ. ನೀವು ಹೇಳ್ತಿರೋ ವಾಲಿದ ಜಾಗ ಇದೆಯಲ್ಲ, ಅಲ್ಲೇ ತೊಂದ್ರೆ ಆಗೋದು. ಗಾಡಿ ಭಾರ ಪೂರ್ತಿ ಕೆಳಗಿನ ಎರಡು ಟೈರ್ ಮೇಲೆ ಅಡ್ಡಡ್ಡ ಬೀಳತ್ತೆ, ಒಮ್ಮೆ ಸ್ಟೀರಿಂಗ್ ಜೋರಾಗಿ ತಿರುಗಿಸಿದ್ರೆ ಟೈರ್ ರಿಮ್ ಬಿಟ್ಟು ಬರತ್ತೆ. ಆಗ ಸಿಂಗಲ್ ಮೋಟರ್ ಕಂಪ್ರೆಸರ್‌ನಿಂದ ಅದನ್ನ ವಾಪಸ್ ಕೂರ್ಸೋದು ಕಷ್ಟ, ಗಾಳಿ ಹಾಕಿದಷ್ಟೂ ಸಂದಿಂದ ಹೊರಗೆ ಹೋಗತ್ತೆ. ಲೋಡ್ ಕಟ್ಟೋ ರಾಚೆಟ್ ಬೆಲ್ಟ್ ಒಂದು ಗಾಡೀಲಿಟ್ಟಿರಿ. ಚಕ್ರ ಎತ್ತಿ ರಿಮ್‌ನ ಕೆಸರು ತೊಳ್ದು ಟೈರ್ ಸುತ್ತ ನಡುಮಧ್ಯಕ್ಕೆ ಆ ಬೆಲ್ಟ್ ಬಿಗಿದ್ರೆ ಎರಡೂ ಅಂಚು ರಿಮ್ ಕಡೆಗೆ ಒತ್ಕೊಳತ್ತೆ, ವಾಲ್ವ್ ಪಿನ್ ತೆಗೆದು ಗಾಳಿ ಬಿಟ್ರೆ ಟಪ್ ಟಪ್ ಅಂತ ಎರಡು ಸಲ ಸದ್ದಾಗಿ ಕೂರತ್ತೆ, ಸ್ವಲ್ಪ ಹಿಡಿದ ತಕ್ಷಣ ಬೆಲ್ಟ್ ಸಡಿಲ ಮಾಡಿ. ಪೆಟ್ರೋಲ್ ಹಾಕಿ ಬೆಂಕಿ ಕೊಟ್ಟು ಕೂರ್ಸೋದು ವಿಡಿಯೋಲಿ ನೋಡಿರ್ತೀರ, ನಿಮ್ಮ ಡ್ರೈವರ್‌ಗೆ ಈಗ್ಲೇ ಹೇಳಿಡಿ ಅದನ್ನ ಯಾವತ್ತೂ ಮಾಡ್ಬಾರ್ದು ಅಂತ, ಕೈ ಮುಖ ಸುಟ್ಕೊಳ್ಳೋದು ಒಂದು ಕ್ಷಣದ ಕೆಲ್ಸ.

ಪ್ರೆಶರ್ ನೋಡೋಕೆ ಕಂಪ್ರೆಸರ್ ಪೈಪಲ್ಲಿರೋ ಮೀಟರ್ ನಂಬ್ಬೇಡಿ, ಗಾಳಿ ಹೋಗ್ತಿರೋವಾಗ ಅದು ಪೈಪ್ ಒಳಗಿನ ಒತ್ತಡ ತೋರ್ಸತ್ತೆ, ಟೈರ್‌ದಲ್ಲ. ಬೇರೆ ಗೇಜ್ ಇಟ್ಕೊಂಡು ಪಂಪ್ ನಿಲ್ಸಿ ನೋಡಿ. ಇನ್ನೊಂದು, ಸ್ಟಿಕ್ಕರಲ್ಲಿರೋದು ಟೈರ್ ತಣ್ಣಗಿರೋವಾಗಿನ ಲೆಕ್ಕ, ಓಡಿ ಬಂದ ಟೈರಲ್ಲಿ ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸಿದ್ರೆ ಇಳಿಸೋಕೆ ಹೋಗ್ಬೇಡಿ.

ಕುಶಾಲನಗರ_ಆಟೋ_ಎಲೆಕ್ಟ್ರಿಕಲ್

ಬನ್ನಿ ಸರ್, ಬರೋಕೆ ಮುಂಚೆ ಕಂಪ್ರೆಸರ್ ಬಾಕ್ಸ್ ಬಿಚ್ಚಿ ವೈರ್ ಸೆಟ್, ಬ್ರಾಕೆಟ್, ಸ್ಪೇರ್ ಫಿಲ್ಟರ್ ಇದೆಯಾ ನೋಡ್ಕೊಂಡು ಬನ್ನಿ, ಇಲ್ಲಾಂದ್ರೆ ಬ್ರಾಕೆಟ್ ಮಾಡ್ಸೋಕೆ ಇನ್ನೊಂದು ದಿನ ಹೋಗತ್ತೆ. ಹಿಂದೆ ಕೂರ್ಸೋದಾದ್ರೆ ಪೈಪ್ 8 ಮೀಟರ್ ಆದ್ರೂ ತಗೊಳ್ಳಿ, 5 ಮೀಟರ್‌ದು ಮುಂದಿನ ಎಡಗಡೆ ಟೈರ್‌ಗೆ ಎಳೆದಾಡೋ ಹಾಗಾಗತ್ತೆ. 40ರ ಫ್ಯೂಸ್ ಎರಡು ಎಕ್ಸ್‌ಟ್ರಾ ಡ್ಯಾಶ್ ಬಾಕ್ಸಲ್ಲೇ ಇಟ್ಟು ಕೊಡ್ತೀನಿ, ಮಾದಾಪುರದಲ್ಲಿ ಭಾನುವಾರ ಸಾಯಂಕಾಲ ಅದು ಸಿಗಲ್ಲ.